ಆಮೆಯ ಅಳತೆ

"ಚೆನ್ನಾಗಿ ಉರೀತಾ ಇರೋ ಬಲ್ಬನ್ನ ಕಿತ್ತು ಎಸೀಬೇಕಂತೆ! ಇದ್ಯಾವ ನ್ಯಾಯ ಕಣ್ರೀ?"

ದರ್ಜಿ ಆಮೆಯ ತೊಟ್ಟಿಯ ಬಲ್ಬನ್ನು ಗಾಜಿನ ಕೌಂಟರಿನ ಮೇಲೆ ಕುಕ್ಕಿದ. ಸಿಟ್ಟು ಎಷ್ಟೇ ಇದ್ದರೂ ಒಡೆಯದಂತೆ ನೋಡಿಕೊಂಡೇ ಕುಕ್ಕಿದ. ಬಟ್ಟೆ ಕತ್ತರಿಸುತ್ತಿದ್ದವನು ಹಾಗೆಯೇ ಎದ್ದು ಬಂದಿದ್ದರಿಂದ ಅಳತೆಯ ಟೇಪು ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು. ಮೀನಿಗೆ ಕಾಳು ಹಾಕುತ್ತಿದ್ದ ಅಂಗಡಿಯವನು ತಲೆಯೆತ್ತಿ ನಕ್ಕ. ಮೂರು ವರ್ಷದ ಹಿಂದೆ ಇದೇ ನಗೆ ನಕ್ಕು ಇವನು ದರ್ಜಿಗೆ ಆಮೆ ಮಾರಿದ್ದ.

"ಬಲ್ಬು ಉರಿಯುತ್ತೆ ಸಾರ್. ಆದ್ರೆ ಅದರೊಳಗಿನ ಬಿಸಿಲಿನ ಸತ್ವ ಆರು ತಿಂಗಳಿಗೇ ಮುಗಿದುಹೋಗುತ್ತೆ. ಅದಿಲ್ದಿದ್ರೆ ಚಿಪ್ಪು ಮೆತ್ತಗಾಗುತ್ತೆ."

"ಮೆತ್ತಗಾಗಿದೆ! ಬೆಳಿಗ್ಗೆ ಪ್ರಾಣಿಗಳ ಡಾಕ್ಟರು ಅದನ್ನೇ ಹೇಳಿದ್ರು. ಒಂದು ಪ್ಯಾಂಟು ಹೊಲಿದ ಕೂಲಿ ಎಣಿಸಿಕೊಂಡು ಹೇಳಿದ್ರು. ಮಾರೋವಾಗ ನಿಮ್ಮ ಬಾಯಿಗೇನು ಬೀಗ ಬಿದ್ದಿತ್ತಾ?"

ಅವನ ಸಿಟ್ಟಿನಲ್ಲಿ ತಪ್ಪೇನಿರಲಿಲ್ಲ. ಆಮೆ ಬಂದದ್ದು ಒಂದು ಡಜನ್ ಗುಂಡಿಯ ಬೆಲೆಗೆ. ದುಡ್ಡು ತೆರುವುದು ಶುರುವಾದದ್ದು ಆಮೇಲೆ. ನೀರು ಗಬ್ಬು ನಾರುತ್ತದೆಂದು ಫಿಲ್ಟರು ಬಂತು, ಆ ಫಿಲ್ಟರಿಗೆ ಆಗಾಗ ಹೊಸ ಸ್ಪಂಜು ಬಂತು. ಚಳಿಗೆ ಹೀಟರು ಬಂತು, ಅದನ್ನು ಆಮೆಯೇ ಗುದ್ದಿ ಒಡೆದುಹಾಕಿದ್ದರಿಂದ ಇನ್ನೊಂದು ಹೀಟರು ಬಂತು. ತೊಟ್ಟಿ ಸಾಲದೆ ದೊಡ್ಡ ತೊಟ್ಟಿ, ಅದೂ ಸಾಲದೆ ಇನ್ನೂ ದೊಡ್ಡದು. ಕೊನೆಗೆ ಕಿಟಕಿಯ ಪಕ್ಕದಲ್ಲಿದ್ದ ಹೆಂಡತಿಯ ಹೊಲಿಗೆ ಮಿಷನ್ನು ಅಡುಗೆಮನೆಯ ಮೂಲೆ ಸೇರಿತು. "ನನ್ನ ಮಿಷನ್ನಿಗಾದ್ರೂ ರಾತ್ರಿ ರಜಾ ಇದೆ, ಆ ಮಹಾರಾಯನ ಫಿಲ್ಟರಿಗೆ ಅದೂ ಇಲ್ಲ" ಎಂದು ಅವಳು ಕರೆಂಟು ಬಿಲ್ಲು ಬಂದಾಗಲೆಲ್ಲ ರಾಗ ಎಳೆಯುತ್ತಾಳೆ. ಆಮೆ ಬೇಕೇ ಬೇಕೆಂದು ಇದೇ ಅಂಗಡಿಯ ನೆಲದ ಮೇಲೆ ಬಿದ್ದು ಹೊರಳಾಡಿದ್ದ ಮಗ ಈಗ ತೊಟ್ಟಿಯ ಕಡೆ ತಿರುಗಿಯೂ ನೋಡುವುದಿಲ್ಲ.

"ಡಬ್ಬ ಎಷ್ಟಿರುತ್ತೋ ಅಷ್ಟೇ ಬೆಳೆಯುತ್ತೆ ಅಂತ ಅವತ್ತು ನೀವೇ ಅಂದ್ರಲ್ಲ, ಈಗ ಎಷ್ಟಾಗಿದೆ ಗೊತ್ತಾ?" ದರ್ಜಿ ಎರಡೂ ಕೈಗಳನ್ನು ಊಟದ ತಟ್ಟೆಯಷ್ಟು ಅಗಲಕ್ಕೆ ಹಿಡಿದ. "ಇಷ್ಟು! ಸುಮ್ನೆ ಬಾಯಿಗೆ ಬಂದಿದ್ದು ಹೇಳ್ತಿಲ್ಲ, ಟೇಪು ಹಿಡಿದು ನೋಡಿದೀನಿ. ನನ್ನ ಅಳತೆ ಇವತ್ತಿನವರೆಗೆ ಒಂದು ನೂಲೂ ತಪ್ಪಿಲ್ಲ. ಇನ್ನೂ ಮೂವತ್ತು ವರ್ಷ ಬದುಕುತ್ತಂತೆ ಅದು. ನೀವು ಹೇಳಿದ ಸುಳ್ಳಿಗೆ ನಾನು ಸಾಯೋವರೆಗೂ ದಂಡ ಕಟ್ತಾ ಇರಬೇಕಾ? ಇಲ್ಲೇ ಬಾಗಿಲಲ್ಲಿ ನಿಂತು ಬರೋರಿಗೆಲ್ಲ ಹೇಳ್ತೀನಿ ನೋಡ್ತಿರಿ!"

ಬಾಗಿಲು ತೆರೆಯಿತು. ಆಸ್ಪತ್ರೆಯ ಆಯಾಗಳ ಸಮವಸ್ತ್ರ ತೊಟ್ಟ ಹೆಂಗಸೊಬ್ಬಳು ಮಗಳ ಕೈ ಹಿಡಿದು ಒಳಗೆ ಬಂದಳು. ಹುಡುಗಿ ಕೈ ಬಿಡಿಸಿಕೊಂಡು ನೆಟ್ಟಗೆ ಆಮೆಮರಿಗಳ ಬೋಗುಣಿಯ ಹತ್ತಿರ ಓಡಿದಳು.

"ನೋಡಿ, ನಮ್ಮನೆ ಅಂದ್ರೆ ಒಂದೇ ರೂಮು" ಎಂದಳು ತಾಯಿ. "ದುಡಿಯೋಳು ನಾನೊಬ್ಬಳೇ. ಖರ್ಚಿನ ಬಾಬತ್ತಾದ್ರೆ ಈಗಲೇ ಹೇಳಿಬಿಡಿ, ಹೇಗೋ ಸಮಾಧಾನ ಮಾಡಿ ಕರ್ಕೊಂಡು ಹೋಗ್ತೀನಿ."

"ಖರ್ಚಾ? ದಿನಕ್ಕೆ ನಾಲ್ಕು ಕಾಳು ಅಕ್ಕ, ಅಷ್ಟೇ. ಡಬ್ಬ ಎಷ್ಟಿರುತ್ತೋ ಅಷ್ಟೇ ಬೆಳೆಯುತ್ತೆ."

ಅದೇ ಮಾತು, ಅದೇ ನಗೆ! ದರ್ಜಿಗೆ ಮೈಯೆಲ್ಲ ಉರಿದುಹೋಯಿತು. ಅವನು ಒಂದು ಹೆಜ್ಜೆ ಮುಂದಿಟ್ಟು ಬಾಯಿ ತೆರೆದ. ಅಷ್ಟರಲ್ಲಿ ಅಂಗಡಿಯವನು ಕಪಾಟಿನಿಂದ ಎರಡು ಹೊಸ ಬಲ್ಬು ತೆಗೆದು ಕಾಗದದ ಚೀಲಕ್ಕೆ ಹಾಕಿ ಅವನ ಕೈಗೆ ತುರುಕಿದ.

"ತಗೊಳ್ಳಿ ಅಣ್ಣ, ದುಡ್ಡು ಬೇಡ" ಎಂದ, ಅವನಿಗೆ ಮಾತ್ರ ಕೇಳುವಂತೆ. ಸಾರ್ ಹೋಗಿ ಅಣ್ಣ ಆಗಿತ್ತು. "ಇನ್ಮೇಲೆ ನಿಮ್ಮ ಆಮೆಯ ಬಲ್ಬು ನನ್ನ ಲೆಕ್ಕ." ಆಮೇಲೆ ದನಿ ಏರಿಸಿದ. "ಅನುಮಾನ ಇದ್ರೆ ಇವರನ್ನೇ ಕೇಳಿ ಅಕ್ಕ. ಮೂರು ವರ್ಷದಿಂದ ಸಾಕ್ತಿದಾರೆ."

ತಾಯಿ ದರ್ಜಿಯತ್ತ ತಿರುಗಿದಳು. ಅಂಗಡಿಯವನನ್ನು ಅವಳು ನಂಬಿರಲಿಲ್ಲ. ಕೊರಳಲ್ಲಿ ಟೇಪು ಹಾಕಿಕೊಂಡ ಈ ದುಡಿಯುವ ಮನುಷ್ಯನನ್ನು ನಂಬಲು ಅವಳು ತಯಾರಾಗಿದ್ದಳು, ಅದು ಕಣ್ಣಲ್ಲೇ ಕಾಣುತ್ತಿತ್ತು. ದರ್ಜಿ ಕೈಯಲ್ಲಿದ್ದ ಚೀಲ ನೋಡಿಕೊಂಡ. ಒಂದು ವರ್ಷದ ಬಲ್ಬು. ನಾಲ್ಕು ಪ್ಯಾಂಟಿನ ಕೂಲಿ. ಚೀಲದ ಬಾಯಿ ಮಡಿಚಿ ಗಟ್ಟಿಯಾಗಿ ಹಿಡಿದುಕೊಂಡ.

ಹುಡುಗಿ ಬಂದು ಅವನ ಅಂಗಿಯ ತುದಿ ಹಿಡಿದೆಳೆದಳು. "ಅಂಕಲ್, ನಿಮ್ಮ ಆಮೆ ಈಗ ಎಷ್ಟು ದೊಡ್ಡದಾಗಿದೆ?"

ತೋರಿಸಲು ಎರಡು ಕೈ ಬೇಕಿತ್ತು. ಒಂದರಲ್ಲಿ ಚೀಲವಿತ್ತು. ದರ್ಜಿ ಇನ್ನೊಂದು ಕೈ ಎತ್ತಿ, ಹೆಬ್ಬೆರಳಿನಿಂದ ತೋರುಬೆರಳನ್ನು ತುಸುವೇ ಅಗಲಿಸಿ ಹಿಡಿದ.

"ಇಷ್ಟು."

ಹುಡುಗಿ ಅವನ ಬೆರಳುಗಳ ಪಕ್ಕದಲ್ಲೇ ತನ್ನ ಪುಟ್ಟ ಬೆರಳುಗಳನ್ನಿಟ್ಟು ಆ ಅಳತೆ ತೆಗೆದುಕೊಂಡಳು. ಎಲ್ಲಿ ಹೆಚ್ಚುಕಡಿಮೆಯಾದೀತೋ ಎಂದು ಕೈ ಅಲುಗಿಸದೆ, ಜೋಪಾನವಾಗಿ ಅದನ್ನು ಅಮ್ಮನ ಹತ್ತಿರ ಹೊತ್ತುಕೊಂಡು ಹೋದಳು.