ಅಣ್ಣ ಹಾಕಿದ ಬೆಲ್ಟು

"ಎಂಜಿನ್ನೇ ಹೋಗಿದೆ ಸರ್. ಒಳಗಡೆ ಬೇರಿಂಗ್ ಪುಡಿಯಾಗಿದೆ. ಬೆಲ್ಟ್ ನೀವೇ ಬದಲಾಯಿಸಿದ್ರಿ ಅಂದ್ರಲ್ಲ, ಅಲ್ಲಿಂದಲೇ ಶುರುವಾಗಿರೋದು," ಎಂದ ಶೋರೂಮಿನ ಸರ್ವಿಸ್ ಮ್ಯಾನೇಜರ್. ಅವನ ದನಿಯಲ್ಲಿ ಜಂಬವೇನೂ ಇರಲಿಲ್ಲ. ಆದರೂ ಅಣ್ಣ ತನ್ನ ಎರಡೂ ಕೈಗಳನ್ನು ಮೆಲ್ಲಗೆ ಜೇಬಿಗೆ ಸೇರಿಸಿಕೊಂಡದ್ದು ತಂಗಿಯ ಕಣ್ಣಿಗೆ ಬಿತ್ತು. "ಯೋಚನೆ ಮಾಡಿ ಹೇಳ್ತೀವಿ," ಎಂದು ಅವಳೇ ಉತ್ತರ ಕೊಟ್ಟಳು. ಗುಡ್ಡಗಾಡಿನಲ್ಲೂ ಓಡುವ ನಾಲ್ಕು ಚಕ್ರದ ಆ ಎಟಿವಿ ಗಾಡಿಯನ್ನು ಬಾಡಿಗೆ ಟೆಂಪೋಗೆ ಹತ್ತಿಸಿ ಇಬ್ಬರೂ ಮನೆಗೆ ವಾಪಸು ತಂದರು.

ಅಣ್ಣನದು ಜೇನು ಸಾಕಣೆ. ಪೆಟ್ಟಿಗೆಗಳೆಲ್ಲ ಮನೆ ಹಿಂದಿನ ಗುಡ್ಡದ ಮೇಲಿದ್ದವು. ಮಂಡಿ ಸವೆದ ಮೇಲೆ ಅವನನ್ನು ಅಲ್ಲಿಗೆ ಹೊತ್ತೊಯ್ಯುತ್ತಿದ್ದುದು ಈ ಗಾಡಿಯೇ. ಎಂಜಿನ್ನಿನ ಬಲವನ್ನು ಚಕ್ರಗಳಿಗೆ ದಾಟಿಸುವ ರಬ್ಬರ್ ಬೆಲ್ಟು ಹರಿದಾಗ, ಯಾರನ್ನೂ ಕರೆಯದೆ ತಾನೇ ಕೂತು ಹೊಸದನ್ನು ಹಾಕಿದ್ದ. ಅದಾಗಿ ಕೆಲವೇ ದಿನಕ್ಕೆ ಗಾಡಿಯ ಹೊಟ್ಟೆಯೊಳಗಿಂದ ಟಕ್ ಟಕ್ ಎಂಬ ಸದ್ದು ಹೊರಟಿತ್ತು.

"ನಾನು ಕೈ ಹಾಕಬಾರದಿತ್ತು ಕಣೇ," ಎಂದ, ಶೆಡ್ಡಿನ ಸ್ಟೂಲಿನ ಮೇಲೆ ಕುಸಿದು. "ಅಪ್ಪನ ಕೈ ಬೇರೆ, ನನ್ನ ಕೈ ಬೇರೆ. ಈ ಸ್ಪ್ಯಾನರ್‌ಗಳನ್ನೆಲ್ಲ ಯಾರಿಗಾದ್ರೂ ಕೊಟ್ಟುಬಿಡ್ತೀನಿ."

"ಕೊಡೋದು ಆಮೇಲೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗಿದೆ ಅವನ ಮಾತು. ನಂಗ್ಯಾಕೋ ನಂಬಿಕೆ ಇಲ್ಲ."

"ನೀನು ಹಲ್ಲಿನ ಡಾಕ್ಟ್ರು. ಇದಕ್ಕೆಲ್ಲಿದೆ ಹಲ್ಲು?"

"ಗೇರ್‌ಗೆ ಇರಲ್ವಾ? ನೋಡಣ್ಣ, ನನ್ನ ಹತ್ರ ಬರೋರು ಎಷ್ಟೋ ಜನ ನೋವಿರೋ ಹಲ್ಲು ಬಿಟ್ಟು ಪಕ್ಕದ್ದನ್ನ ತೋರಿಸ್ತಾರೆ. ತಟ್ಟಿ ನೋಡದೆ ಕಿತ್ರೆ ಒಳ್ಳೇ ಹಲ್ಲು ಹೋಗುತ್ತೆ. ನಾವೂ ಬೆಲ್ಟ್ ತೆಗೆದಿಟ್ಟು ಸ್ಟಾರ್ಟ್ ಮಾಡೋಣ. ಸದ್ದು ನಿಂತ್ರೆ ಬೆಲ್ಟ್ ಕಡೆ ತಪ್ಪು, ನಿಲ್ಲದಿದ್ರೆ ಎಂಜಿನ್ನಿಂದು."

ಅಣ್ಣ ಸ್ಟೂಲನ್ನು ಗಾಡಿಯ ಪಕ್ಕಕ್ಕೆ ಎಳೆದುಕೊಂಡು, "ಹಾಗಾದ್ರೆ ಟಾರ್ಚ್ ಹಿಡಿಯೇ, ಟಾರ್ಚು," ಎಂದ.

ಟಾರ್ಚು! ಚಿಕ್ಕಂದಿನಲ್ಲಿ ಅಣ್ಣ ತನಗಿಟ್ಟಿದ್ದ ಆ ಅಡ್ಡಹೆಸರನ್ನು ಕೇಳಿ ಎಷ್ಟು ಕಾಲವಾಗಿತ್ತು! ಅಪ್ಪ ನೀರಿನ ಪಂಪು, ಹೊಲಿಗೆ ಮಿಷನ್ನು, ಯಾರದೋ ಹಳೇ ಸ್ಕೂಟರು ಬಿಚ್ಚಿ ಕೂತಾಗ ಅಣ್ಣ ಸ್ಪ್ಯಾನರ್ ಎತ್ತಿಕೊಡುತ್ತಿದ್ದ, ಇವಳು ಟಾರ್ಚ್ ಹಿಡಿಯುತ್ತಿದ್ದಳು. "ಬೆಳಕು ನನ್ನ ಮುಖಕ್ಕಲ್ಲಮ್ಮ, ಕೆಲಸಕ್ಕೆ," ಎಂದು ಅಪ್ಪ ನಗುತ್ತಿದ್ದರು. ಯಾವ ಸದ್ದು ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗದಿದ್ದರೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿಕೊಳ್ಳುತ್ತಿದ್ದರು. "ಮೊದಲು ಬಾಯಿ ಮುಚ್ಚಿ, ಆಮೇಲೆ ಕಿವಿ ತೆರೀರಿ" ಎಂದು ಮಕ್ಕಳಿಬ್ಬರಿಗೂ ಸರದಿಯಲ್ಲಿ ಕೇಳಿಸುತ್ತಿದ್ದರು. ತಣ್ಣನೆಯ ಆ ಹಿಡಿಯಲ್ಲಿ ಯಾವಾಗಲೂ ಗ್ರೀಸಿನ ವಾಸನೆ.

ಅಡುಗೆಮನೆಯ ಕಿಟಕಿಯಿಂದ ಅತ್ತಿಗೆ ಇಣುಕಿದಳು. "ಅಣ್ಣ ತಂಗಿ ಒಟ್ಟಿಗೆ ಕೂತ್ರಾ? ಇನ್ನು ಮನೇಲಿ ಒಂದು ಸಾಮಾನೂ ನೆಟ್ಟಗಿರಲ್ಲ ಬಿಡಿ!" ಎಂದು ಕಿಟಕಿ ಮುಚ್ಚಿಕೊಂಡಳು. ಇಬ್ಬರೂ ಬೈಸಿಕೊಂಡ ಮಕ್ಕಳ ಹಾಗೆ ತಲೆ ತಗ್ಗಿಸಿ ಕಿಸಕ್ಕನೆ ನಕ್ಕರು.

ಅಣ್ಣ ಬೆಲ್ಟಿನ ಮೇಲಿನ ಮುಚ್ಚಳದ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿದ. ಟಾರ್ಚಿನ ಬೆಳಕಿನಲ್ಲಿ ಬೆಲ್ಟು ಕಂಡಿತು. ಅಂಚು ಎಲ್ಲೂ ಸವೆದಿರಲಿಲ್ಲ. ಅದರ ಮೇಲಿನ ಬಾಣದ ಗುರುತು ತಿರುಗುವ ದಿಕ್ಕಿಗೇ ಇತ್ತು. ಅವನು ಬೆಲ್ಟನ್ನು ಹೊರತೆಗೆದು ಒಂದು ಬಟ್ಟೆಯ ಮೇಲಿಟ್ಟು, ಗಾಡಿ ಸ್ಟಾರ್ಟ್ ಮಾಡಿದ.

ಟಕ್ ಟಕ್ ಟಕ್.

ಅವಳು ಗೋಡೆಯ ಮೊಳೆಯಿಂದ ಉದ್ದನೆಯ ಸ್ಕ್ರೂಡ್ರೈವರ್ ತೆಗೆದಳು. ತುದಿಯನ್ನು ಬೆಲ್ಟಿದ್ದ ಜಾಗದ ಹತ್ತಿರ ಒತ್ತಿ ಕೇಳಿದಳು. ಸದ್ದು ದೂರದಿಂದ ಬಂದಂತಿತ್ತು. ಎಂಜಿನ್ನಿನ ತಳಕ್ಕೆ ಒತ್ತಿದಳು. ಯಾರೋ ಒಳಗಿನಿಂದ ಬಾಗಿಲು ಬಡಿದಂತೆ ಅದು ನೇರ ಕಿವಿಗೇ ಬಂತು. ಅಣ್ಣ ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಹಿಡಿಯನ್ನು ಅವನ ಕಿವಿಗೆ ಹಚ್ಚಿದಳು. ಅವನು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿಸಿಕೊಂಡ. ಕೇಳುತ್ತ ಕೇಳುತ್ತ ಅವನ ಬಾಯಿ ಮುಚ್ಚಿಯೇ ಇತ್ತು. ಆಮೇಲೆ ಕೈ ಚಾಚಿ ಎಂಜಿನ್ ಆರಿಸಿದ.

"ಶೋರೂಮಿನವನು ಹೇಳಿದ್ದು ನಿಜ ಅಣ್ಣ," ಎಂದಳು ಮೆಲ್ಲಗೆ. "ಎಂಜಿನ್ನೇ ಹೋಗಿದೆ."

"ಎಂಜಿನ್ನೇ!" ಅಣ್ಣ ತೊಡೆ ತಟ್ಟಿಕೊಂಡು ನಕ್ಕ. "ನೋಡಿದ್ಯಾ? ಬೆಲ್ಟ್ ಸರಿಯಾಗೇ ಕೂತಿತ್ತು, ಅಂಚೂ ಸವೆದಿಲ್ಲ. ತಪ್ಪು ಬೆಲ್ಟಿಂದಲ್ಲ! ಅದು ವಯಸ್ಸಾಗಿ ಹೋಗಿದೆ ಕಣೇ, ನನ್ನ ಮಂಡಿ ಹೋದ ಹಾಗೆ. ನನ್ನ ಕೈಯಿಂದ ಹೋಗಿದ್ದಲ್ಲ!" ಅಷ್ಟು ದೊಡ್ಡ ನಷ್ಟಕ್ಕೆ ಯಾರಾದರೂ ಹೀಗೆ ನಕ್ಕಿದ್ದನ್ನು ಅವಳು ನೋಡಿರಲಿಲ್ಲ. ನೋಡುತ್ತ ಅವಳಿಗೂ ನಗು ಬಂತು.

"ನಾಳೆ ಶೋರೂಮಿಗೇ ಬಿಟ್ಟು ಬರೋಣ," ಎಂದ ಅಣ್ಣ. "ಎಂಜಿನ್ ಇಳಿಸೋದು ನಮ್ಮ ಕೈಲಾಗೋ ಕೆಲಸ ಅಲ್ಲ. ಗಾಡಿ ವಾಪಸು ಬರೋವರೆಗೂ ನಿನ್ನ ಹೆಗಲು ಹಿಡ್ಕೊಂಡು ಗುಡ್ಡ ಹತ್ತುತ್ತೀನಿ. ಭಾನುವಾರ ಭಾನುವಾರ ಬಂದುಬಿಡು."

ಅವಳು ಹೂಂ ಎಂದಳು. ಟಾರ್ಚ್ ಆರಿಸಲು ಹೋದಾಗ ಅವನು ತಡೆದ. ಬೆಲ್ಟನ್ನು ಬಟ್ಟೆಯಿಂದ ಒರೆಸಿ, ಬಾಣದ ದಿಕ್ಕು ನೋಡಿ, ಮತ್ತೆ ಅದರ ಜಾಗದಲ್ಲಿ ಕೂರಿಸತೊಡಗಿದ.

"ಹೇಗೂ ನಾಳೆ ಅವರು ಎಲ್ಲಾ ಬಿಚ್ತಾರಲ್ಲಣ್ಣ. ಈಗ್ಯಾಕೆ ಹಾಕ್ತೀಯ?"

"ಬಿಚ್ತಾರಲ್ಲ, ಅದಕ್ಕೇ," ಎಂದು ಅಣ್ಣ ಕೊನೆಯ ಬೋಲ್ಟನ್ನು ಬಿಗಿದ. "ಹೆಂಗೆ ಹಾಕಿದ್ದೆ ಅಂತ ನೋಡಲಿ."