ಗಿಡ್ಡ ಕೂದಲಿನ ನಾಯಿ

ಅಂಗಡಿಯ ಯಂತ್ರ ಅರ್ಧ ತಾಸಿನಲ್ಲಿ ನಾಯಿಯನ್ನು ಹುಟ್ಟಿಸಿ, ಬೆಳೆಸಿ ಹೊರಗೆ ಬಿಡುವವರೆಗೂ ಕುರಿಗಾರ ಲಗಮಪ್ಪ ಅದರ ಬಾಗಿಲಿನ ಮುಂದಿನಿಂದ ಕದಲಲಿಲ್ಲ. ಇದೇ ಅಂಗಡಿಯಿಂದ ಒಯ್ದ ಹಿಂದಿನ ನಾಯಿಯ ಉದ್ದ ಕೂದಲು ಜಾಲಿಮುಳ್ಳಿಗೆ ಸಿಕ್ಕಿಕೊಂಡಿದ್ದಾಗಲೇ ತೋಳ ಎರಡು ಕುರಿ ಹೊತ್ತೊಯ್ದಿತ್ತು.

"ಅಪ್ಪಂದೂ ಅವ್ವಂದೂ ಎರಡೂ ಗಿಡ್ಡ ಕೂದಲಿನ ಜೀನೇ ಹಾಕೀನ್ರಿ ಅಜ್ಜಾರ. ಇದರ ಮರಿಗೂ ಉದ್ದ ಕೂದಲು ಬರಂಗಿಲ್ಲ," ಎಂದ ಅಂಗಡಿಯವನು.

ಬಾಗಿಲು ತೆರೆದು, ಕರಿ ನಾಯಿಯೊಂದು ಬಾಲ ಅಲ್ಲಾಡಿಸುತ್ತ ಹೊರಬಂತು. ಲಗಮಪ್ಪ ಅದರ ಬೆನ್ನು ಸವರಿದ. ನಲವತ್ತು ವರ್ಷ ಕುರಿಯ ಉಣ್ಣೆ ಕತ್ತರಿಸಿದ ಬೆರಳಿಗೆ, ತಾನಾಗಿ ಬೆಳೆದ ಕೂದಲಿನ ಚೂಪು ತುದಿ ಒಂದೂ ಸಿಗಲಿಲ್ಲ; ಎಲ್ಲವೂ ಮೊಂಡಾಗಿದ್ದವು.

"ತಮ್ಮಾ," ಎಂದ, "ಈಗಷ್ಟ ಹುಟ್ಟಿದ ನಾಯಿಗೆ ಕ್ಷೌರ ಮಾಡಿದಾಂವ ಯಾವ ಬಾಗಿಲಿಂದ ಒಳಗ ಹೋಗಿದ್ದ?"