ಅಜ್ಜಿ ಹಿಡಿದ ಕಿಡಿ

ಕುಂಕುಮ ಅಂಟಲೆಂದು ಹಣೆಗೆ ಹಚ್ಚುವ ಮೇಣ ಕರಗಿದ ವಾಸನೆ ಬಂದರೆ ಈಗಲೂ ನನಗೆ ಕುಕನೂರಿನ ನಮ್ಮ ಮನೆ ಕಟ್ಟೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಆಗ ನನಗೆ ಎಂಟು ವರ್ಷ. ಯಲಬುರ್ಗಿ ಕಡೆಯ ಹಳ್ಳಿಯೊಂದರಲ್ಲಿ ಹೆಣ್ಣುಮಗಳೊಬ್ಬಳು ಹಿಂದಿನ ದಿನದಿಂದ ಹೆರಿಗೆ ನೋವು ತಿನ್ನುತ್ತಿದ್ದಳು. ಅಲ್ಲಿಗೆ ಹೊರಟಿದ್ದ ಕೊಪ್ಪಳದ ಡಾಕ್ಟರ ಫಟ್‌ಫಟಿ ನಮ್ಮ ಮನೆ ಮುಂದೆಯೇ ನಿಂತುಬಿಟ್ಟಿತು. ಅವರು ಪ್ಲಗ್ ಬಿಚ್ಚಿ, ಎಂಜಿನ್ನಿಗೆ ಆನಿಸಿ, ಕಿಕ್ ಹೊಡೆದು ನೋಡಿದರು.

"ಕಿಡಿ ಬರವಲ್ದು ಯವ್ವ. ಎಲ್ಲೋ ಸೋರಾಕತ್ತೈತಿ," ಎಂದರು, ಕಟ್ಟೆ ಇಳಿದು ಬಂದ ನನ್ನ ಅಜ್ಜಿಗೆ. ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು.

ಸೋರುವುದೆಂದರೆ ನೀರೆಂದುಕೊಂಡು ಅಜ್ಜಿ ಪ್ಲಗ್ಗಿನ ವೈರಿನುದ್ದಕ್ಕೂ ಕೈಯಾಡಿಸಿದಳು. ಅದೇ ಹೊತ್ತಿಗೆ ಡಾಕ್ಟರು ಮತ್ತೆ ಕಿಕ್ ಹೊಡೆದರು. ಅಜ್ಜಿ ಎರಡು ಹೆಜ್ಜೆ ಹಿಂದಕ್ಕೆ ಹಾರಿದಳು.

"ಚೇಳು ಕಡದಂಗಾತು ನೋಡ್ರಿ. ಇಲ್ಲೇ ಐತಿ ನಿಮ್ಮ ಕಿಡಿ."

ಪೆಟ್ರೋಲ್ ಟಾಕಿಯ ಕೆಳಗೆ ವೈರಿನ ರಬ್ಬರು ಸವೆದು ತಾಮ್ರ ಕಾಣುತ್ತಿತ್ತು. ಅಜ್ಜಿ ಹಳೆ ರೇಷ್ಮೆ ಸೀರೆಯ ಅಂಚು ಹರಿದು ಸುತ್ತಲು ಕೊಟ್ಟಳು. ತನ್ನ ಕುಂಕುಮದ ಮೇಣ ಕರಗಿಸಿ ಅದರ ಮೇಲೆ ತಾನೇ ಬಳಿದಳು. ಮೊದಲನೇ ಕಿಕ್ಕಿಗೇ ಫಟ್‌ಫಟಿ ಗುಡುಗಿತು.

ಸಂಜೆ ಡಾಕ್ಟರು ಮರಳಿ ಬಂದು, "ಹೆಣ್ಣು ಹುಟ್ಟೈತ್ರಿ. ಇಬ್ರೂ ಆರಾಮ ಅದಾರ. ನಿಮಗೇನು ಕೊಡ್ಲಿ ಯವ್ವ?" ಎಂದರು.

"ಒಂದು ಸುತ್ತು ಕುಂದರಿಸಿಕೊಂಡು ಹೋಗ್ರಿ," ಎಂದಳು ಅಜ್ಜಿ.

ಬೇಡವೆಂದು ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿ ಕೂತಿದ್ದಳು. ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. ನಾನು ಲಂಗ ಎತ್ತಿ ಹಿಡಿದು ಊರ ಅಗಸಿ ಬಾಗಿಲ ತನಕ ಹಿಂದೆ ಓಡಿದೆ. ಧೂಳಿನಲ್ಲಿ ಏನೂ ಕಾಣಲಿಲ್ಲ. ಅಜ್ಜಿಯ ನಗು ಮಾತ್ರ ಎಂಜಿನ್ನಿಗಿಂತ ಜೋರಾಗಿ ಕೇಳುತ್ತಿತ್ತು.